ಎಡಗಡೆಯ ಸೀಟು

"ಒಳಗಿನ ಹಿಡಿಕಿ ಹಾಕಬ್ಯಾಡ," ಅಂದರು ವಿಜಯಮಹಾಂತೇಶ ಸಾವಕಾರರು. "ಎಡಗಡಿ ಬಾಗಲಾ ಒಳಗಿಂದ ತಗಿಯೋರು ಯಾರೂ ಇಲ್ಲ."

ನಾಹಿದಾಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

ಇಳಕಲ್ಲಿನ ಆ ಕುಶನ್ ಅಂಗಡಿ ಅವಳ ಅಬ್ಬಾ ರಾಜಮಹ್ಮದನದು. ಬರುವುದೆಲ್ಲ ಟ್ರ್ಯಾಕ್ಟರು, ಟಂಟಂ ರಿಕ್ಷಾ, ಹರಿದ ಬೈಕ್ ಸೀಟು. ಬಿ.ಎ. ಮುಗಿಸಿದ ನಾಹಿದಾ ಹೊಲಿಗೆ ಮಶೀನಿಗೆ ಕೂತದ್ದು ಬೇರೆ ಕೆಲಸ ಸಿಗದೆ ಅಲ್ಲ. ಮಶೀನಿನ ಮುಂದೆ ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ, ಅದಕ್ಕೆ. ಇವತ್ತು ಮಾತಾಡದೆ ಗತಿಯಿರಲಿಲ್ಲ.

ಸಾವಕಾರರ ಕೆಂಪು ಸ್ಪೋರ್ಟ್ಸ್ ಕಾರು ಇಡೀ ಊರಿಗೆ ಗುರುತು. ನೆಲಕ್ಕೆ ಅಂಟಿದಂತಿರುವ ಮೈ, ಮಡಚಿಡುವ ಛಾವಣಿ, ಎರಡೇ ಸೀಟು. ಮೂರು ಲಕ್ಷ ಕಿಲೋಮೀಟರ್ ತಿರುಗಿ ಒಳಗೆಲ್ಲ ಸವೆದುಹೋಗಿತ್ತು. ಡ್ಯಾಶ್‌ಬೋರ್ಡು ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿತ್ತು. ಸ್ಟೀರಿಂಗಿನ ಚರ್ಮ ಅಂಗೈ ತಿಕ್ಕಿ ತಿಕ್ಕಿ ಬೋಳಾಗಿತ್ತು. ಚಾಲಕನ ಸೀಟಿನ ಅಂಚಿನಿಂದ ಫೋಮು ಉದುರುತ್ತಿತ್ತು. ಅವಳು ಬಾಗಿಲು ಬಿಟ್ಟು ಅದಕ್ಕೆ ಕೈ ಹಾಕಿದಳು.

"ಅದು ಹಂಗ ಇರಲಿ. ಎಡಗಡೀದು ಅಷ್ಟ ಹೊಸಾದಾಗಬೇಕು."

ಎಡ ಸೀಟಿನ ಎರಡೂ ಬದಿಯ ಉಬ್ಬು ಕಿತ್ತು ಸಪಾಟು ಮಾಡಬೇಕು. ಎದೆಗೊಂದು ಅಗಲವಾದ ಪಟ್ಟಿ.

"ಕಾಲಿಗೆ ಎಷ್ಟು ಜಾಗಾ ಬಿಡ್ಲಿರಿ?"

"ಕಾಲು ಕೆಳಗ ಬರೂದಿಲ್ಲ."

ಕಾಲು ನೆಲಕ್ಕೆ ಎಟುಕದವರು ಯಾರು? ನಾಹಿದಾ ತಲೆ ಎತ್ತಿದಳು. ಸಾವಕಾರರ ಜೊತೆ ಬಂದ ಆರೇಳು ವರ್ಷದ ಹುಡುಗಿ ಹೊಸ್ತಿಲಲ್ಲಿ ಕೂತು ರೆಕ್ಸಿನ್ ಚೂರು ಆರಿಸುತ್ತಿತ್ತು.

"ತಲಿ ಅಲ್ಲಾಡಬಾರದು. ಅದಕ್ಕೊಂದು ಪಟ್ಟಿ ಬೇಕು."

"ಹಣಿ ಮ್ಯಾಲೇನ್ರಿ?"

"ಹಣಿ ಮುಟ್ಟಬ್ಯಾಡ. ಗದ್ದದ ಕೆಳಗಿಂದ ತಂದು ಮ್ಯಾಲ ಬಿಗಿ."

"ಹಂಗ ಮಾಡಿದ್ರ ಬಾಯಿ ತಗಿಲಿಕ್ಕೆ ಬರೂದಿಲ್ಲಲ್ರಿ."

"ಬರಬಾರದು."

ನಾಹಿದಾ ಮತ್ತೆ ಹುಡುಗಿಯ ಕಡೆ ನೋಡಿದಳು. "ಕುಂತವ್ರು ಒದ್ದಾಡಿದ್ರ?"

"ಒದ್ದಾಡೂದಿಲ್ಲ," ಅಂದರು ಸಾವಕಾರರು. ಹುಡುಗಿಯ ತಲೆ ಸವರಿ ಎತ್ತಿಕೊಳ್ಳಲು ಬಾಗಿದವರು, ಯಾಕೋ ಎತ್ತಿಕೊಳ್ಳದೆ ಕೈಹಿಡಿದು ನಡೆಸಿಕೊಂಡು ಹೋದರು.

ಅಬ್ಬಾನಿಗೆ ಹೇಳಿದರೆ ಅವನು ನಕ್ಕ. "ಕಾರೂ ಅವರದು, ಕುಂದ್ರವ್ರೂ ಅವರ ಕಡೇವ್ರು. ದೊಡ್ಡವರ ಹುಚ್ಚೂ ದೊಡ್ಡದಿರ್ತೈತಿ. ನೀ ಮೊಬೈಲಿನ್ಯಾಗ ಖೂನಿ ಕಥಿ ನೋಡೂದು ಬಿಡು ಬೇಟಾ."

ನಾಹಿದಾ ಹೊಲಿದಳು. ಎದೆಯ ಪಟ್ಟಿಗೆ ಸೂಜಿ ಚುಚ್ಚಿದಾಗೆಲ್ಲ ಅವಳ ಪಕ್ಕೆಗೇ ಚುಚ್ಚಿದಂತಾಗುತ್ತಿತ್ತು. ಸಾವಕಾರರಿಗೆ ಊರಾಚೆ ಕೆಂಪುಕಲ್ಲಿನ ಕ್ವಾರಿಗಳಿದ್ದವು. ಅದರಲ್ಲೊಂದು ಹಳೆಯದು, ಕಲ್ಲು ತೆಗೆದು ಬಿಟ್ಟದ್ದು, ಆಳವಾಗಿ ನೀರು ನಿಂತದ್ದು. ಕಣ್ಣು ಮುಚ್ಚಿದರೆ ಆ ನೀರು. ನೀರಿನೊಳಗೆ ಇಳಿಯುವ ಕೆಂಪು ಕಾರು. ಹಿಡಿಕೆಯಿಲ್ಲದ ಬಾಗಿಲನ್ನು ತಡಕುವ ಪುಟ್ಟ ಕೈ. ಗದ್ದದ ಪಟ್ಟಿಯನ್ನು ಅವಳು ಕತ್ತರಿಸಿಟ್ಟಳು, ಹೊಲಿಯಲಿಲ್ಲ. ಪೊಲೀಸರಿಗೆ ಏನಂತ ಹೇಳುವುದು? ಒಬ್ಬ ಗೌರವಸ್ಥರು ಸೀಟು ಹೊಲಿಸುತ್ತಿದ್ದಾರೆ ಅಂತಲೇ?

ಅಬ್ಬಾ ಹುನಗುಂದಕ್ಕೆ ಹೋದ ದಿನವೇ ಸಾವಕಾರರು ಮತ್ತೆ ಬಂದರು. ಬಂದವರೇ ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಹುಡುಗಿ ಮಶೀನಿನ ಹತ್ತಿರ ಸುಳಿಯಿತು. ನಾಹಿದಾ ಕೆಂಪು ರೆಕ್ಸಿನ್ನಿನ ಚೂರು ಕೊಟ್ಟು ಪಿಸುಗುಟ್ಟಿದಳು.

"ಹೆಸರೇನವ್ವಾ?"

"ಶೀಲಾ."

"ಅವರು ನಿನಗೇನಾಗಬೇಕು?"

"ಮುತ್ಯಾ."

"ಕಾರಿನ್ಯಾಗ ಎಲ್ಲಿಗೆ ಹೊಂಟೀರಿ?"

ಹುಡುಗಿ ಅಜ್ಜನ ಕಡೆ ನೋಡಿ ದನಿ ಇನ್ನೂ ತಗ್ಗಿಸಿತು. "ಭಾಳ ದೂರ ಹೋಗೋದೈತಿ ಅಂದಾನ. ಅವ್ವಗ ಹೇಳಬ್ಯಾಡ ಅಂದಾನ."

ನಾಹಿದಾ ಹುಡುಗಿಯ ಮಣಿಕಟ್ಟು ಹಿಡಿದುಕೊಂಡಳು. ಇನ್ನೊಂದು ಕೈ ದುಪಟ್ಟಾದೊಳಗೆ ಮೊಬೈಲ್ ಹುಡುಕಿತು. ಪೊಲೀಸರ ನಂಬರು ಒತ್ತಿ, ಹಸಿರು ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು. ಜನ್ಮದಲ್ಲಿ ಗಿರಾಕಿಯ ಮುಖ ನೋಡಿ ಮಾತಾಡದವಳು ಈಗ ಎದ್ದು ನಿಂತಳು.

"ಸಾವಕಾರ್ರ, ಗದ್ದದ ಪಟ್ಟಿ ಹೊಲದಿಲ್ರಿ. ಕುಂದ್ರವ್ರನ್ನ ಕುಂಡ್ರಿಸಿ ಅಳತಿ ತಗೊಳ್ಳದ ನಮ್ಮ ಅಂಗಡ್ಯಾಗ ಪಟ್ಟಿ ಹೊಲಿಯೂದಿಲ್ಲ. ಯಾರು ಕುಂದ್ರತಾರ ಹೇಳ್ರಿ."

ಸಾವಕಾರರು ಕಣ್ಣು ತೆರೆದರು. ಅವಳನ್ನು ನೋಡಿದರು, ಅವಳು ಹಿಡಿದಿದ್ದ ಪುಟ್ಟ ಕೈಯನ್ನು ನೋಡಿದರು.

"ಖರೆ ಐತಿ. ಅಳತಿ ಬೇಕಾಗ್ತೈತಿ," ಅಂದರು. "ಶೀಲಾ, ಬಾಜೂಕಿನ ಹೋಟೆಲ್‌ನ್ಯಾಗ ಚಾ ಹೇಳಿ ಬಾ ಹೋಗು."

ನಾಹಿದಾ ಕೈ ಬಿಡಲಿಲ್ಲ.

"ಬಿಡವ್ವಾ. ಹುಡುಗಿ ಮುಂದ ಬ್ಯಾಡ."

ದನಿಯಲ್ಲಿ ಬೆದರಿಕೆ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಬೆವೆತ ಬೆರಳುಗಳ ನಡುವಿನಿಂದ ಹುಡುಗಿ ಜಾರಿಕೊಂಡು ಓಡಿತು.

ಸಾವಕಾರರು ಗೋಡೆ ಹಿಡಿದು ಎದ್ದರು. ನಾಲ್ಕು ಹೆಜ್ಜೆಗೆ ಉಸಿರು ಹತ್ತಿತು. ಅಂಗಿ ಬೇರೆಯವರದೇನೋ ಎಂಬಂತೆ ಹೆಗಲ ಮೇಲೆ ಜೋತಾಡುತ್ತಿತ್ತು. ಎಡಬಾಗಿಲು ತೆರೆದು ಹೊಸ ಸೀಟಿನಲ್ಲಿ ತಾವೇ ಕೂತರು. ಒಂದು ಕಾಲು ಎತ್ತಿ ಮಡಚಿದರು, ಆಮೇಲೆ ಇನ್ನೊಂದು. ಬೆನ್ನು ನೆಟ್ಟಗಾಯಿತು.

"ನಮ್ಮೊಳಗ ಹೆಣಾ ಕುಂಡ್ರಿಸಿ ಒಯ್ತಾರಲ್ಲವ್ವಾ," ಅಂದು ಅವರು ಗದ್ದ ಮೇಲೆತ್ತಿದರು, "ನಾ ಇದರಾಗ ಹೋಗ್ತೇನಿ, ಅಳತಿ ತಗೋ."