ಹಿಂಡದ ಸ್ವೆಟರು

ನೀಲಿ ಗೆರೆಯ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಮಲ್ಲವ್ವ ಬಾಗಿಲಲ್ಲಿ ನಿಂತದ್ದನ್ನು ಕಂಡು ನೇತ್ರಾ ಥಟ್ಟನೆ ಕಿಟಕಿಯತ್ತ ತಿರುಗಿ ನೋಡಿದಳು. ಬೆಳಿಗ್ಗೆ ಕಿಟಕಿಯಾಚೆಯ ಸರಳಿಗೆ ಒಣಹಾಕಿದ್ದ ಅಂಗಿ ಕ್ಲಿಪ್ಪು ತಪ್ಪಿ ಬಿದ್ದಿತ್ತು. ಬೀಳುವುದಾದರೆ ರಸ್ತೆಗಾದರೂ ಬೀಳಬಾರದಿತ್ತೆ? ಬಿದ್ದದ್ದು ನೇರ ಕೆಳಗಿನ ಮನೆಯ ಮಲ್ಲವ್ವನ ಸರಳಿನ ಮೇಲೆ.

ಮುಂಬಯಿ ಜೋಗೇಶ್ವರಿಯ ಆ ಬಿಲ್ಡಿಂಗಿನಲ್ಲಿ ಮಲ್ಲವ್ವನ ಬಾಯಿಗೆ ಹೆದರದವರಿಲ್ಲ. ನೇತ್ರಾಳ ಬಟ್ಟೆಯಿಂದ ಒಂದು ಹನಿ ತೊಟ್ಟಿಕ್ಕಿದರೆ ಸಾಕು, ಕಿಟಕಿಯಿಂದ ತಲೆ ಹೊರಗೆ ಹಾಕಿ ಅಪ್ಪಟ ವಿಜಾಪುರದ ಕನ್ನಡದಲ್ಲಿ ಸಹಸ್ರನಾಮ ಶುರು. ಸುತ್ತಲಿನವರಿಗೆ ಅದರ ಒಂದಕ್ಷರವೂ ತಿಳಿಯುವುದಿಲ್ಲ ಎಂಬುದೊಂದೇ ನೇತ್ರಾಳಿಗಿದ್ದ ಸಮಾಧಾನ.

"ನಿನ್ನ ಗಂಡಂದಲ್ಲೇನು ಇದು?" ಕರೆಯುವ ಮೊದಲೇ ಮಲ್ಲವ್ವ ಒಳಗೆ ಬಂದು ಕುಳಿತಳು.

"ಹೌದ್ರೀ ಅಕ್ಕಾರ. ಕೊಡ್ರಿ."

"ಎಲ್ಲದಾನ?"

"ರಾತ್ರಿ ಪಾಳಿರೀ. ಈಗ... ಇಲ್ಲೇ ಹೊರಗ ಹೋಗ್ಯಾರ."

ಮಲ್ಲವ್ವ ಅಂಗಿಯ ಕಾಲರನ್ನು ಬಿಡಿಸಿ ನೋಡತೊಡಗಿದಳು. ದಸರೆ ಮುಗಿಯುತ್ತಲೇ ಸೂರತ್ತಿನಲ್ಲಿ ಕೆಲಸವಿದೆಯೆಂದು ಹೋದ ನೇತ್ರಾಳ ಗಂಡ ಸಂತು ಈಗ ಫೋನು ಎತ್ತುವುದನ್ನೂ ಬಿಟ್ಟಿದ್ದ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಾಲೀಕ ರೋಶನ್ ಸೇಠ್ ಫ್ಯಾಮಿಲಿಗೆ ಮಾತ್ರ ಎಂದು ಷರತ್ತು ಹಾಕಿಯೇ ಈ ಖೋಲಿ ಬಾಡಿಗೆಗೆ ಕೊಟ್ಟಿದ್ದ. ಒಂಟಿ ಹೆಂಗಸು ಎಂದು ತಿಳಿದರೆ ಖಾಲಿ ಮಾಡು ಎನ್ನುತ್ತಾನೆ. ಆಮೇಲೆ ಬೇರೆ ಖೋಲಿ ಕೊಡುವವರು ಯಾರು? ಅದಕ್ಕೇ ಗಂಡ ಬಿಟ್ಟುಹೋದ ಒಂದೇ ಅಂಗಿಯನ್ನು ದಿನ ಬಿಟ್ಟು ದಿನ ಒಗೆದು, ರಸ್ತೆಗೆ ಕಾಣುವಂತೆ ಒಣಹಾಕುತ್ತಿದ್ದಳು. ಬಾಯಿಬಿಟ್ಟು ಹೇಳುವ ಸುಳ್ಳಿಗಿಂತ ಅದು ಹಗುರ ಎನಿಸಿತ್ತು.

"ಕಾಲರಿಗೆ ಒಂದು ಬೆವರಿನ ಗೆರಿ ಇಲ್ಲ," ಎಂದಳು ಮಲ್ಲವ್ವ. "ದೀಪಾವಳಿಯಿಂದ ನೋಡಾಕತ್ತೀನಿ, ಇದ ಒಂದ ಅರ್ಧ ತೋಳಿನ ಅಂಗಿ. ಸ್ವಲ್ಪ ಹೊರಗ ನೋಡು."

ನೇತ್ರಾ ನೋಡಿದಳು. ಮುಂಬಯಿಯ ಚಳಿ ಹೆಸರಿಗೊಂದು ಚಳಿ. ಆದರೂ ಜನವರಿ ಬಂತೆಂದರೆ ಇಲ್ಲಿನ ಗಂಡಸರು ಹಿಮಾಲಯಕ್ಕೆ ಹೊರಟವರಂತೆ ಸಜ್ಜಾಗುತ್ತಾರೆ. ಎದುರಿನ ಗೋಡೆಯ ತುಂಬ ಎಳೆಬಿಸಿಲಿನಲ್ಲಿ, ಕಿಟಕಿ ಕಿಟಕಿಗೂ ಸ್ವೆಟರು, ಮಫ್ಲರು, ಮಂಕಿ ಕ್ಯಾಪು, ದಪ್ಪ ಚಾದರ. ಅವಳ ಸರಳೊಂದೇ ಇನ್ನೂ ಬೇಸಿಗೆಯಲ್ಲಿತ್ತು.

"ಇಡೀ ಬಿಲ್ಡಿಂಗಿನ ಗಂಡಸರಿಗೆ ಥಂಡಿ ಹತ್ತೈತಿ. ನಿನ್ನ ಗಂಡಗ ಒಬ್ಬಂವಗ ಹತ್ತಿಲ್ಲೇನು?"

"ಅವರ ಮೈ ಉಷ್ಣರೀ..." ಎಂದಳು ನೇತ್ರಾ. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

"ಬೆಕ್ಕು ಕಣ್ಣ ಮುಚ್ಚಿ ಹಾಲು ಕುಡದ್ರ ಮಂದಿಗೆ ಕಾಣೂದಿಲ್ಲೇನ, ಹುಚ್ಚಿ?" ಮಲ್ಲವ್ವ ಅಂಗಿಯನ್ನು ಅವಳ ಮಡಿಲಿಗೆ ಹಾಕಿ ಎದ್ದು ಹೋದಳು.

ಮುಗಿಯಿತು ಎಂದುಕೊಂಡಳು ನೇತ್ರಾ. ಸಂಜೆಯೊಳಗೆ ಸೇಠನ ಕಿವಿಗೆ ಬೀಳುತ್ತದೆ. ಯಾವ ಸಾಮಾನು ಹೊರುವುದು, ಯಾವುದನ್ನು ಬಿಡುವುದು ಎಂದು ಕುಳಿತಲ್ಲೇ ಕಣ್ಣಾಡಿಸುತ್ತಿದ್ದಳು, ಅಷ್ಟರಲ್ಲಿ ಮಲ್ಲವ್ವ ಮತ್ತೆ ಬಂದಳು. ಕಂಕುಳಲ್ಲಿ ಒಂದು ದಪ್ಪನೆಯ ಕಂದು ಸ್ವೆಟರು.

"ನಮ್ಮವರದು. ಈಗ ಅವರ ಹೊಟ್ಟಿ ಇದರಾಗ ಹಿಡಸೂದಿಲ್ಲ. ನಾಳೆ ಮುಂಜಾನೆ ಸೇಠ ಪಂಪ್ ನೋಡಾಕ ಬರ್ತಾನ. ಅದಕ್ಕಿಂತ ಮೊದಲ ಇದನ್ನ ಒಗದು ಹಾಕು. ಹಿಂಡಬ್ಯಾಡ, ಉಣ್ಣಿ ಜಗ್ಗತೈತಿ."

"ಹಿಂಡದಿದ್ರ ನೀರೆಲ್ಲಾ ನಿಮ್ಮ ಅರಿವಿ ಮ್ಯಾಲ ಬೀಳತಾವಲ್ರೀ ಅಕ್ಕಾರ?"

"ಬೀಳಲಿ. ನನಗ ಬಾಯಿ ಐತಲ್ಲ."

ಮರುದಿನ ಬೆಳಿಗ್ಗೆ ಸೇಠ್ ರಸ್ತೆ ಬದಿಯ ಅಂಗಳದಲ್ಲಿ ನಿಂತು ಪಂಪಿನ ರಿಪೇರಿ ನೋಡುತ್ತಿದ್ದ. ನಡುವೆ ಒಮ್ಮೆ ತಲೆಯೆತ್ತಿ, ಆ ಮೂರನೇ ಮಾಳಿಗೆಯ ಸಂತು ಇತ್ತೀಚೆಗೆ ಕಾಣುವುದೇ ಇಲ್ಲವಲ್ಲ ಎಂದು ವಾಚ್‌ಮನ್‌ನನ್ನು ಹಿಂದಿಯಲ್ಲಿ ಕೇಳಿದ. ಕಿಟಕಿಯ ಪರದೆಯ ಹಿಂದಿದ್ದ ನೇತ್ರಾಳಿಗೆ ಅದು ಕೇಳಿಸಿತು.

ಅದೇ ಗಳಿಗೆಗೆ ಕೆಳಗಿನ ಕಿಟಕಿಯಿಂದ ಮಲ್ಲವ್ವನ ತಲೆ ಹೊರಗೆ ಬಂತು. ಮದುವೆಯಾಗಿ ಮುಂಬಯಿಗೆ ಬಂದಾಗಿನಿಂದ ಬೈಯಲು ಕನ್ನಡ ಬಿಟ್ಟು ಬೇರೆ ಭಾಷೆ ಮುಟ್ಟದವಳು, ಅಂದು ಹಿಂದಿಯಲ್ಲಿ ಶುರುಮಾಡಿದಳು.

"ಏ ನೇತ್ರಾ! ತೇರಾ ಮರದ್ ಕಾ ಸ್ವೆಟರ್ ಕಾ ಪಾನಿ ಪೂರಾ ಮೇರಾ ಸಾಡಿ ಪೇ ಗಿರತಾ! ನೈಟ್ ಡ್ಯೂಟಿ ಕರ್ಕೇ ಸೋತಾ ಕ್ಯಾ? ಉಠಾ ಉಸ್ಕೋ!"

ನಿನ್ನ ಗಂಡನ ಸ್ವೆಟರಿನ ನೀರೆಲ್ಲ ನನ್ನ ಸೀರೆಯ ಮೇಲೆ, ರಾತ್ರಿ ಪಾಳಿ ಮಾಡಿ ಮಲಗಿದವನನ್ನು ಎಬ್ಬಿಸಿ ಹಿಂಡಿಸು ಎಂದು ಆ ಹರುಕು ಹಿಂದಿಯಲ್ಲಿ ಇಡೀ ಬಿಲ್ಡಿಂಗಿಗೆ ತಿಳಿಯುವಂತೆ ಮತ್ತೆ ಮತ್ತೆ ಕೂಗಿದಳು. ಸೇಠ್ ಮೇಲೆ ನೋಡಿದ. ಸ್ವೆಟರನ್ನೂ ನೋಡಿದ. ಹೆಂಗಸರ ಈ ಜಗಳ ಮುಗಿಯುವಂಥದ್ದಲ್ಲ ಎಂಬಂತೆ ಕೈಬೀಸಿ ಪಂಪಿನತ್ತ ತಿರುಗಿದ.

ನೇತ್ರಾ ಮೆಲ್ಲನೆ ಕಿಟಕಿಯಿಂದ ಕೆಳಗೆ ಬಗ್ಗಿದಳು. ಸ್ವೆಟರಿನ ತೋಳಿನಿಂದ ಇಳಿದ ನೀರಿಗೆ ಮಲ್ಲವ್ವನ ಒಣಗಿದ ಇಳಕಲ್ ಸೀರೆ ಅರ್ಧ ತೊಯ್ದುಹೋಗಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿದ್ದ ಅದನ್ನು ಒಳಗೆ ಎಳೆದುಕೊಳ್ಳದೆ, ಮಲ್ಲವ್ವ ಬೈಯುತ್ತಲೇ ಇದ್ದಳು.