ಎಲ್ಲಿ ಕತ್ತರಿಸುವುದು?

“ತಗೊಳಮ್ಮ, ಇದರೊಳಗೆ ಏನೂ ಇಲ್ಲ,” ಎಂದು ಹೆನೆಲಿ ತಾತ ಅಕೇಸಾ ಕಳಿಸಿದ್ದ ಡಿವಿಡಿಯನ್ನು ಅವಳ ಮೇಜಿನ ಮೇಲಿಟ್ಟ. ಹಾಫೇವ ದ್ವೀಪದಿಂದ ಬೆಳಗಿನ ದೋಣಿಗೇ ಬಂದಿದ್ದ. ದ್ವೀಪದ ವಾಡಿಕೆಯಂತೆ ಸೊಂಟಕ್ಕೆ ಸುತ್ತಿದ್ದ ಚಾಪೆಯ ಅಂಚು ಇನ್ನೂ ಉಪ್ಪುನೀರಿನಲ್ಲಿ ತೊಯ್ದಿತ್ತು. “ಊರಿಗೆ ಊರೇ ಶಾಲೆಯಲ್ಲಿ ಸೇರಿತ್ತು. ಪಾದ್ರಿಗಳು ಪ್ರಾರ್ಥನೆನೂ ಮಾಡಿದ್ರು. ಮೇಷ್ಟ್ರು ಕಂಪ್ಯೂಟರಿಗೆ ಹಾಕಿದ್ರೆ, ಖಾಲಿ ಅಂತು. ‘ಏನೋ ಹೆನೆಲಿ, ನಿನ್ನ ಕುಣಿತಾನ ದಾರೀಲಿ ಶಾರ್ಕ್ ನುಂಗ್ತಾ?’ ಅಂತ ಹೆಂಗಸರೆಲ್ಲ ಬಿದ್ದೂ ಬಿದ್ದೂ ನಕ್ಕರು.”

ಅಕೇಸಾಳ ಮುಖ ಬಿಸಿಯಾಯಿತು. ದ್ವೀಪಗಳ ಹಾಡು ಕುಣಿತಗಳ ದಾಖಲೆಯನ್ನೆಲ್ಲ ಪಾಂಗೈ ಪಟ್ಟಣದ ಈ ಚಿಕ್ಕ ಕೋಣೆಯಲ್ಲಿ ಕಾಯುವವಳು ಅವಳೇ. ಹಾರ್ಡ್ ಡಿಸ್ಕು ಕಟಕಟ ಎನ್ನತೊಡಗಿದ ಮೇಲೆ ಒಂದೊಂದಾಗಿ ಡಿವಿಡಿಗೆ ಇಳಿಸುತ್ತಿದ್ದಳು. ಯಾವ ಫೈಲ್ ಸಿಸ್ಟಮ್ಮಿನಲ್ಲಿ, ಅಂದರೆ ಡಿಸ್ಕಿನ ಮೇಲೆ ಫೈಲು ಜೋಡಿಸುವ ಯಾವ ರೀತಿಯಲ್ಲಿ, ಬರೆಯಬೇಕೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ ಹೊಸ ಯುಡಿಎಫ್ ಆರಿಸಿದ್ದವಳೂ ಅವಳೇ. ಡಿವಿಡಿಯನ್ನು ತನ್ನ ಯಂತ್ರಕ್ಕೆ ಹಾಕಿದಳು.

ತೆರೆ ಬೆಳಗಿತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಹಾಫೇವದ ಇಡೀ ಊರು ಸಾಲುಗಟ್ಟಿ ನಿಂತು ಹಾಡುತ್ತ ಕೈ ಬೀಸುತ್ತಿತ್ತು. ಅದಕ್ಕೆ ಪದ ಕಟ್ಟಿ, ಹೆಜ್ಜೆ ಕಲಿಸಿದ್ದ ಹೆನೆಲಿ ಕುರ್ಚಿಯಿಂದ ಎದ್ದೇಬಿಟ್ಟ. “ಇದೆಯಲ್ಲೇ! ಎಲ್ಲಾ ಇಲ್ಲೇ ಇದೆ!”

“ಇದೆ ತಾತ. ನಿಮ್ಮ ಶಾಲೆ ಕಂಪ್ಯೂಟರು ತೀರಾ ಹಳೇದು, ಹೊಸ ರೀತಿಯ ಬರಹ ಅದಕ್ಕೆ ಓದೋಕೆ ಬರಲ್ಲ. ಐಎಸ್‌ಒ ಅನ್ನೋ ಹಳೇ ರೀತೀಲಿ ಬರೆದರೆ ಓದುತ್ತೆ. ಆದರೆ ಇಷ್ಟು ದೊಡ್ಡ ಫೈಲು ಅದರಲ್ಲಿ ಇಡಿಯಾಗಿ ಹಿಡಿಸಲ್ಲ. ಎರಡು ತುಂಡು ಮಾಡಬೇಕು. ನಿಮ್ಮ ಕುಣಿತಾನ ಕತ್ತರಿಸೋಕೆ ನನಗೆ ಮನಸ್ಸು ಬರಲಿಲ್ಲ. ಐವತ್ತು ವರ್ಷ ಆದಮೇಲೂ ಯಾರಾದರೂ ಪೂರ್ತಿ ನೋಡಲಿ ಅಂತ...”

“ಐವತ್ತು ವರ್ಷ ಆದಮೇಲೆ ಯಾರು ಕುಣೀತಾರೆ? ನಿನ್ನ ಕಪಾಟೋ?” ಮುದುಕನ ದನಿ ಏರಿತು, ಅವಳ ಮುಖ ನೋಡಿ ತಾನಾಗಿ ಇಳಿಯಿತು. “ಇಡೀದು ನಿನ್ನ ಹತ್ತಿರ ಇರಲಿ ಮಗಳೇ. ನಮ್ಮ ಹುಡುಗರಿಗೆ ತುಂಡು ಮಾಡೇ ಕೊಡು. ನನ್ನ ಮಂಡಿ ಹೋಯ್ತು. ತೋರಿಸಿ ಕಲಿಸೋಕೆ ಆಗಲ್ಲ.”

“ಎಲ್ಲಿ ಕತ್ತರಿಸಲಿ?”

ಮುದುಕ ತೆರೆಗೆ ಮುಖ ಕೊಟ್ಟು ಕೂತು, ಕುಣಿತದ ಜೊತೆಗೇ ಮೆಲ್ಲಗೆ ಹಾಡತೊಡಗಿದ. ಇಲ್ಲಿ ಬೇಡ, ಪದ ತುಂಡಾಗುತ್ತೆ. ಇಲ್ಲೂ ಬೇಡ, ಇದು ದೊರೆಗೆ ನಮಸ್ಕಾರ. ಬೇಡ, ಬೇಡ. ಅಕೇಸಾಳ ಬೆರಳು ಕೀಲಿಮಣೆಯ ಮೇಲೆ ಕಾಯುತ್ತಲೇ ಇತ್ತು. ಹೆಂಗಸರ ಸಾಲು ಎಡಕ್ಕೆ ತಿರುಗಿತು. ತಿರುಗಿದ ಮೇಲೆ ಇಡೀ ಊರು ಕೈ ಎತ್ತಿ ಹಿಡಿದು ಕ್ಷಣಹೊತ್ತು ಸುಮ್ಮನೆ ನಿಂತಿತು.

“ಹಾಂ, ಇಲ್ಲಿ.”

“ಇದೇನು ತಾತ, ತಾಳ ಇಲ್ಲದ ಜಾಗ?”

“ಸಾಲಿನ ಕೊನೇಲಿ ಸುಲಿಯೆಟಿ ಅಂತ ಒಬ್ಬಳಿದ್ದಳು. ಚಿಕ್ಕಂದಿನಿಂದಲೂ ಒಂದು ಕಾಲು ಕುಂಟು. ಅವಳನ್ನ ಬಿಟ್ಟು ಊರು ಕುಣಿಯೋದುಂಟೇ? ತಿರುಗೋದು ಅವಳಿಗೆ ತಡವಾಗ್ತಿತ್ತು. ಅವಳು ಬಂದು ಸೇರಲಿ ಅಂತ ನಿಲ್ಲಿಸ್ತಿದ್ದೆ.”

ಅಕೇಸಾ ಸಾಲಿನ ಕೊನೆಯನ್ನು ದಿಟ್ಟಿಸಿದಳು. ಅಲ್ಲಿ ಒಬ್ಬ ಚುರುಕು ಹುಡುಗಿ ನಿಂತಿದ್ದಳು. “ಇದರಲ್ಲಿ ಅವರು ಇಲ್ಲವಲ್ಲ?”

“ಇದನ್ನ ಹಿಡಿಯೋ ಹೊತ್ತಿಗೆ ಅವಳು ತೀರಿಹೋಗಿ ಎಷ್ಟೋ ಕಾಲ ಆಗಿತ್ತು. ಈ ಮಕ್ಕಳಿಗೆ ಅವಳು ಯಾರು ಅಂತಾನೇ ಗೊತ್ತಿಲ್ಲ. ಆದರೂ ನಿಲ್ತಾರೆ ನೋಡು.”

ಅವಳು ಅಲ್ಲೇ ಕತ್ತರಿಸಿದಳು. ಸಂಜೆಯ ದೋಣಿಯಲ್ಲಿ ಮುದುಕ ಹೊಸ ಡಿವಿಡಿಯನ್ನು ಎದೆಗವಚಿಕೊಂಡು ಹೋದ.

ಮುಂದಿನ ವರ್ಷ ಚರ್ಚಿನ ಹಬ್ಬಕ್ಕೆ ಹಾಫೇವದ ಹುಡುಗ ಹುಡುಗಿಯರು ಪಾಂಗೈಗೆ ಬಂದು ಕುಣಿದರು. ಹೆಂಗಸರ ಸಾಲು ಎಡಕ್ಕೆ ತಿರುಗಿತು. ಎಲ್ಲರೂ ಕೈ ಎತ್ತಿ ನಿಂತರು. ನಿಂತೇ ಇದ್ದರು. ಎಲ್ಲೋ ಒಂದು ಮಗು ಕೆಮ್ಮಿತು. ಶಾಲೆಯ ಆ ಹಳೆಯ ಕಂಪ್ಯೂಟರು ಎರಡನೆಯ ತುಂಡು ತೆರೆಯಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟೂ ಹೊತ್ತನ್ನು ಅವರು ಕುಣಿತವೆಂದೇ ಕಲಿತುಬಿಟ್ಟಿದ್ದರು.

ಅಕೇಸಾಳ ಕಣ್ಣು ತುಂಬಿತು. ಪಕ್ಕದಲ್ಲಿ ಕೂತಿದ್ದ ಮುದುಕನ ಕಿವಿಯಲ್ಲಿ, “ತಪ್ಪಾಯ್ತು ತಾತ. ನೀವಾದರೂ ತಿದ್ದಬಾರದಿತ್ತೇ?” ಎಂದಳು.

ಹೆನೆಲಿ ಕುಣಿತದಿಂದ ಕಣ್ಣು ತೆಗೆಯಲಿಲ್ಲ. “ಇರಲಿ ಬಿಡು,” ಎಂದ. “ಸುಲಿಯೆಟಿಗೂ ಈಗ ವಯಸ್ಸಾಗಿರುತ್ತಲ್ಲ.”