ಕಾಲ ನಿಧಾನವಾಗಿರುವ ಮನೆ

ನಮ್ಮ ಬಡಾವಣೆಯಲ್ಲಿ ಕಾಲ ನಿಧಾನವಾದಷ್ಟೂ ಮನೆಬಾಡಿಗೆ ಹೆಚ್ಚು. ಬ್ರೋಕರ್ ಗಂಗಣ್ಣ ತೋರಿಸಿದ ಫ್ಲ್ಯಾಟಿನೊಳಗೆ ಒಂದು ಗಂಟೆ ಕಳೆಯುವಷ್ಟರಲ್ಲಿ ಹೊರಗೆ ನಾಲ್ಕು ವರ್ಷ ಕಳೆದಿರುತ್ತದೆ.

"ಮಧ್ಯಾಹ್ನ ಒಂದು ನಿದ್ದೆ ತೆಗೀರಿ ಮೇಡಂ, ಏಳೋದ್ರೊಳಗೆ ನಿಮ್ಮ ವಾರಗಿತ್ತಿ ತಲೆ ಬೆಳ್ಳಗಾಗಿರುತ್ತೆ!" ಎಂದು ನಕ್ಕ.

"ನನಗಲ್ಲ, ಮಗಳಿಗೆ. ಅವಳ ಕಾಯಿಲೆಗೆ ಔಷಧಿ ಕಂಡುಹಿಡಿಯೋವರೆಗೆ."

ಅವನ ನಗು ನಿಂತಿತು. "ನೀವೂ ಜೊತೆಗಿರಬಹುದಲ್ಲಮ್ಮ?"

"ಹೊರಗೆ ದುಡಿದು ಬಾಡಿಗೆ ಕಟ್ಟೋರು ಯಾರಪ್ಪ?"

ಹೊಸ್ತಿಲಿನ ಈಚೆಯೇ ನಿಂತು ಏಳು ವರ್ಷದ ಮೇದಿನಿಗೆ ಜಡೆ ಹಾಕಿದೆ. ಮೊಸರನ್ನದ ಡಬ್ಬಿ ಕೈಗಿಟ್ಟೆ.

"ಸಂಜೆ ಬರ್ತೀಯಲ್ಲಮ್ಮ?"

"ಬರ್ತೀನಿ ಪುಟ್ಟಿ. ಯಾರೋ ಅಜ್ಜಿ ಬಂದು ಬಾಗಿಲು ತಟ್ತಾರೆ. ಹೆದರ್ಕೋಬೇಡ, ಒಂದೇ ಒಂದು ಸಲ ಅವರನ್ನ ಅಮ್ಮಾ ಅಂತ ಕರಿ."